ಚಿತ್ರದರ್ಶನ: ಹಂಪೆಯ ಸುತ್ತುನೋಟದ ಚಿತ್ರಗಳನ್ನು ಕುರಿತು

ಕಾವ್ಯವನ್ನೂ ನಾಟಕವನ್ನೂ ವಿಮರ್ಶಿಸುವ ಪದ್ಧತಿಯು ನಮ್ಮಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಶಿಲ್ಪಕ್ಕೂ ಸಂಗೀತಕ್ಕೂ ಲಕ್ಷಣಗ್ರಂಥಗಳುಂಟು. ಆದರೆ ಈಚಿನ ಮೂವತ್ತು ವರ್ಷಗಳಲ್ಲಿ ಗಣಕಯಂತ್ರದ ಮೂಲಕ ಹುಟ್ಟಿ ಮನೆಮನೆಗೂ ಹಬ್ಬಿರುವ ಒಂದು ಬಗೆಯ ಚಿತ್ರವನ್ನು ಮಾತ್ರ ಯಾರೂ ಕಲಾಕೃತಿಯೆಂದು ಎಣಿಸಿ ಅದರ ಗುಣದೋಷಗಳನ್ನು ತೂಗಿದಂತೆ ಕಾಣೆನು. ಒಂದು ರಮ್ಯಸ್ಥಳದ ನಡುವೆ ನಾವೇ ನಿಂತಿದ್ದೇವೆಯೋ ಎಂಬಂತೆ ಎಡಕ್ಕೂ ಬಲಕ್ಕೂ ಮೇಲಕ್ಕೂ ಕೆಳಕ್ಕೂ ತಿರುಗಿಸಿ ನೋಡಬಹುದಾದ ಚಿತ್ರಗಳೇ ಅವು. ನೋಡಿದವರು ‘ಆಹಾ’ ಎನ್ನುವರು. ಇನ್ನು ಕೆಲವರು ‘ಇದೆಲ್ಲ ಯಂತ್ರದ ಆಟ’ ಎಂದು ಮುಖ ತಿರುಗಿಸುವರು. ಇವೆರಡೂ ವಿಮರ್ಶೆಯಲ್ಲ. ನಮ್ಮ ಬಳ್ಳಾರಿ ಸೀಮೆಯವರಿಗಂತೂ ಈ ವಿಚಾರವು ದೂರದ್ದಲ್ಲ. ಏಕೆಂದರೆ ಕರ್ಣಾಟಕದಲ್ಲಿ ಇಂಥ ಚಿತ್ರಗಳಿಗೆ ಅತ್ಯಂತ ಹೆಚ್ಚಾಗಿ ವಿಷಯವಾಗಿರುವ ಸ್ಥಳಗಳಲ್ಲಿ ಹಂಪೆಯೂ ಒಂದು. 2021ರಲ್ಲಿ ಹಂಪೆಯು ವಿಜಯನಗರ ಜಿಲ್ಲೆಗೆ ಸೇರಿಹೋಯಿತಾದರೂ, ಜಿಲ್ಲೆಯ ಗೆರೆಯು ಬದಲಾದ ಮಾತ್ರಕ್ಕೆ ನಮ್ಮ ಊರಿನ ಮುದುಕಿಯರು ವಿರೂಪಾಕ್ಷನ ತೇರಿಗೆ ಕೈಮುಗಿಯುವುದನ್ನು ಬಿಟ್ಟಿಲ್ಲವಷ್ಟೆ.

ಮೊದಲು ಇದರ ರಚನಾಕ್ರಮವನ್ನು ಸಂಗ್ರಹವಾಗಿ ಹೇಳಬೇಕು. ಛಾಯಾಗ್ರಾಹಕನು ಒಂದೇ ಬಿಂದುವಿನಲ್ಲಿ ಮುಕ್ಕಾಲಿಯನ್ನು ನಿಲ್ಲಿಸಿ, ಕ್ಯಾಮರವನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಸುತ್ತಲಿನ ಚಿತ್ರಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಗೆಯುತ್ತಾನೆ. ಗಣಕಯಂತ್ರವು ಆ ತುಂಡುಗಳನ್ನು ಕೌದಿಯಂತೆ ಹೊಲಿದು, ಎತ್ತರಕ್ಕಿಂತ ಎರಡು ಪಟ್ಟು ಅಗಲವಾದ ಒಂದು ಹಾಳೆಯನ್ನಾಗಿ ಮಾಡುವುದು. ಆಮೇಲೆ ಆ ಹಾಳೆಯನ್ನು ಒಂದು ಗೋಲದ ಒಳಮೈಗೆ ಹಚ್ಚಿ, ನೋಡುವವನ ಕಣ್ಣನ್ನು ಆ ಗೋಲದ ಮಧ್ಯದಲ್ಲಿರಿಸುವುದು. ಮೌಸನ್ನು ಎಳೆದರೆ ಗೋಲವು ತಿರುಗುವುದು. ಆಪಲ್ ಕಂಪನಿಯವರು 1990ರ ದಶಕದ ನಡುವಿನಲ್ಲಿ ಈ ವಿದ್ಯೆಯನ್ನು ಜನಸಾಮಾನ್ಯರ ಗಣಕಯಂತ್ರಗಳಿಗೆ ತಂದರು. ಗೂಗಲ್ ಸಂಸ್ಥೆಯವರು 2007ರಲ್ಲಿ ಅಮೆರಿಕದ ಬೀದಿಗಳಿಂದ ಆರಂಭಿಸಿ ಲೋಕದ ಬೀದಿಗಳನ್ನೇ ಹೀಗೆ ಹೊಲಿದಿಡಲು ಹೊರಟರು. ಬೆಂಗಳೂರಿನಲ್ಲಿ ಅವರ ಕಾರುಗಳು 2011ರಲ್ಲಿ ಹೊರಟು, ಪೊಲೀಸರ ಆಕ್ಷೇಪದಿಂದ ನಿಂತು, 2022ರಲ್ಲಿ ನಮ್ಮ ದೇಶದ ಕಂಪನಿಗಳ ಮೂಲಕ ಆ ಕೆಲಸವು ಮತ್ತೆ ನಡೆಯಿತು. ಇವುಗಳಲ್ಲದೆ ಯಾತ್ರಿಕರೂ ಹವ್ಯಾಸಿಗಳೂ ತಾವಾಗಿಯೇ ತೆಗೆದು ಸೇರಿಸಿದ ಚಿತ್ರಗಳು ಅಸಂಖ್ಯವಾಗಿವೆ. ಹಂಪೆಯ ಚಿತ್ರಗಳಲ್ಲಿ ಇಂಥವೂ ಬಹಳ.

ಇದಕ್ಕೆ ಇಂಗ್ಲಿಷಿನವರು ಗ್ರೀಕ್ ಮಾತುಗಳಿಂದ ಕಟ್ಟಿಕೊಂಡ ಹೆಸರು ‘ಪನೋರಮ’. ಎಲ್ಲವನ್ನೂ ಕಾಣುವುದು ಎಂದರ್ಥ. ನಾವು ‘ಸುತ್ತುನೋಟ’ ಎಂದರೆ ಸಾಕೆಂದು ತೋರುತ್ತದೆ. ‘ಎಲ್ಲ’ ಎಂಬುದು ಅತಿಶಯೋಕ್ತಿಯು. ಪರದೆಯ ಚೌಕದಲ್ಲಿ ಯಾವ ಒಂದು ಕ್ಷಣಕ್ಕೂ ಕಾಣುವುದು ಸುತ್ತಿನ ಕಾಲು ಭಾಗದಷ್ಟೇ. ಉಳಿದದ್ದು ನಮ್ಮ ಬೆನ್ನ ಹಿಂದೆಯೇ ಇರುವುದು.

ಈ ಕಲೆಯು ಗಣಕಯಂತ್ರಕ್ಕಿಂತ ಹಳೆಯದೆಂಬುದನ್ನು ಬಹುಜನರು ಅರಿಯರು. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನು 1787ರಲ್ಲಿಯೇ ವೃತ್ತಾಕಾರವಾದ ಚಿತ್ರಕ್ಕೆ ರಾಜಮುದ್ರೆಯ ಹಕ್ಕನ್ನು ಪಡೆದು, 1793ರಲ್ಲಿ ಲಂಡನ್ ನಗರದ ಲೀಸ್ಟರ್ ಚೌಕದಲ್ಲಿ ಅದಕ್ಕಾಗಿಯೇ ದುಂಡನೆಯ ಮಂದಿರವೊಂದನ್ನು ಕಟ್ಟಿಸಿದನು. ಕಾಸು ಕೊಟ್ಟವರು ಕತ್ತಲೆಯ ಓಣಿಯ ಮೂಲಕ ನಡುವಿನ ಜಗಲಿಯನ್ನು ಹತ್ತಿ ನಿಂತರೆ, ಸುತ್ತಲೂ ನಗರವೋ ನೌಕಾಯುದ್ಧವೋ ಕಾಣುತ್ತಿದ್ದಿತು. ಆ ಕಾಲದಲ್ಲಿಯೇ ನಮ್ಮ ಕರ್ಣಾಟಕವೂ ಈ ಬಗೆಯ ಚಿತ್ರಕ್ಕೆ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪುಸುಲ್ತಾನನು ಮಡಿದನಷ್ಟೆ. ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣನು ಆ ಲಗ್ಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನ ಲೈಸಿಯಂ ಮಂದಿರದಲ್ಲಿ ತೂಗುಹಾಕಿದನು. ಪೂರ್ಣವೃತ್ತವಲ್ಲದಿದ್ದರೂ ಬಾಗಿ ನೋಡುವವರನ್ನು ಒಳಗೊಳ್ಳುವಂಥ ಚಿತ್ರವದು. ಜನರು ಕಿಕ್ಕಿರಿದು ನೋಡಿದರು. ಆದರೆ ಕೆರ್ ಪೋರ್ಟರನು ಶ್ರೀರಂಗಪಟ್ಟಣವನ್ನು ಕಂಡವನಲ್ಲ. ಹಿಂದೂಸ್ಥಾನದ ನೆಲವನ್ನೇ ತುಳಿದವನಲ್ಲ! ಕಾವೇರಿಯನ್ನು ಕಾಣದವನು ಬರೆದ ಕಾವೇರಿಯನ್ನು, ಕಾವೇರಿಗೆ ಎಂದೂ ಹೋಗದವರು, ಅಲ್ಲಿಯೇ ನಿಂತಿದ್ದೇವೆಂದು ನಂಬಿ ನೋಡಿ ರೋಮಾಂಚಗೊಂಡರು. ಸುತ್ತುನೋಟದ ಚಿತ್ರಕ್ಕೆ ‘ನೀನು ಅಲ್ಲಿರುವೆ’ ಎಂದು ನಂಬಿಸುವ ಶಕ್ತಿಯು ಎಷ್ಟಿದೆಯೆಂಬುದಕ್ಕೂ, ಆ ನಂಬಿಕೆಗೂ ನಿಜಕ್ಕೂ ಸಂಬಂಧವೇ ಇರಬೇಕಾಗಿಲ್ಲವೆಂಬುದಕ್ಕೂ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಇಂದಿನ ಚಿತ್ರಗಳು ಛಾಯಾಗ್ರಹಣದಿಂದ ಆದವಾದ್ದರಿಂದ ಆ ದೋಷವು ಇವುಗಳಿಗಿಲ್ಲವೆಂದು ಹೇಳುವರು. ನಿಜ. ಹಂಪೆಗೆ ಛಾಯಾಗ್ರಹಣವು ಬಂದ ಬಗೆಯೂ ಹೆಮ್ಮೆಪಡತಕ್ಕದ್ದಾಗಿದೆ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು 1856ರಲ್ಲಿ ಮೇಣ ಹಚ್ಚಿದ ಕಾಗದದ ಮೇಲೆ ಹಂಪೆಯ ದೇವಾಲಯಗಳ ದೊಡ್ಡ ದೊಡ್ಡ ಚಿತ್ರಗಳನ್ನು ಹಿಡಿದನು. ಅವುಗಳಲ್ಲಿ ವಿಟ್ಠಲ ದೇವಾಲಯದ ಕಲ್ಲಿನ ರಥವೂ ಒಂದು. ಇಂದು ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಎಲ್ಲರೂ ಕಾಣುವ ರಥವು ಮೇಲ್ಗಡೆ ಬೋಳಾಗಿದೆಯಲ್ಲವೆ? ಗ್ರೀನ್‌ಲಾನ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಗಾರೆಯ ಶಿಖರವೊಂದು ನಿಂತಿದೆ! ಆಮೇಲೆ ಅದು ಇಲ್ಲವಾಯಿತು. ಆಸ್ಟ್ರೇಲಿಯದ ಛಾಯಾಗ್ರಾಹಕರಾದ ಜಾನ್ ಗೋಲಿಂಗ್ಸ್ ಅವರು 1983ರಲ್ಲಿ ಗ್ರೀನ್‌ಲಾನು ನಿಂತಿದ್ದ ನೆಲೆಗಳನ್ನೇ ಹುಡುಕಿ ಅಲ್ಲಿ ನಿಂತು ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ನೂರಿಪ್ಪತ್ತೇಳು ವರ್ಷಗಳು ಎರಡು ಹಾಳೆಗಳ ನಡುವೆ ಕಾಣುವುವು. ಹೀಗೆ ನೋಡುವುದೇ ಒಂದು ವ್ಯಾಸಂಗವು.

ಅದೇ ಗೋಲಿಂಗ್ಸ್ ಅವರು ತೆಗೆದ ಹಂಪೆಯ ಸುತ್ತುನೋಟದ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಸಾರಾ ಕೆಂಡರ್ಡೈನ್, ಜೆಫ್ರಿ ಶಾ ಎಂಬ ವಿದ್ವಾಂಸರು ‘ಪ್ಲೇಸ್-ಹಂಪಿ’ ಎಂಬ ಕೃತಿಯನ್ನು ರಚಿಸಿದರು. ಅದು 2006ರಲ್ಲಿ ಫ್ರಾನ್ಸ್ ದೇಶದ ಲೀಲ್ ನಗರದಲ್ಲಿ ಮೊದಲು ಪ್ರದರ್ಶಿತವಾಯಿತು. 2012ರಲ್ಲಿ ನಮ್ಮ ತೋರಣಗಲ್ಲಿನ ವಿದ್ಯಾನಗರದ ಕಲಾಧಾಮದಲ್ಲಿ ಸ್ಥಾಪಿತವಾಯಿತು. ಒಂಬತ್ತು ಮೀಟರು ಅಡ್ಡಳತೆಯ ದುಂಡು ಪರದೆ, ನಡುವೆ ತಿರುಗುವ ಜಗಲಿ, ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರವನ್ನು ಕಾಣಿಸಿ ಆಳವನ್ನು ತೋರಿಸುವ ಕನ್ನಡಕ. ಸಂಗೀತವು ಎಲ್. ಸುಬ್ರಹ್ಮಣ್ಯಂ ಅವರದು. ಬಂಡೆಗಳ ನಡುವೆ ಪುರಾಣದ ದೇವತೆಗಳು ಗಣಕಯಂತ್ರದ ಕೈಚಳಕದಿಂದ ಚಲಿಸುವರು. ಬಾರ್ಕರನ ಮಂದಿರವೇ ಇನ್ನೂರು ವರ್ಷಗಳ ಮೇಲೆ ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ ಮರುಹುಟ್ಟು ಪಡೆಯಿತೆನ್ನಬಹುದು. ಇದನ್ನು ರಚಿಸಿದವರು ಒಂದು ವಿಷಯವನ್ನು ಚೆನ್ನಾಗಿ ಅರಿತಿದ್ದರು: ಬರಿಯ ಬಂಡೆಯನ್ನೂ ಮಂಟಪವನ್ನೂ ತೋರಿಸಿದರೆ ಹಂಪೆಯನ್ನು ತೋರಿಸಿದಂತಾಗದು, ಅಲ್ಲಿಯ ಜನರ ಕಣ್ಣಿಗೆ ಆ ಬೆಟ್ಟಗಳಲ್ಲಿ ಹನುಮಂತನೂ ಇದ್ದಾನೆ. ಆದರೆ ಹನುಮಂತನನ್ನು ಪ್ರತ್ಯಕ್ಷವಾಗಿ ಕುಣಿಸಿಬಿಟ್ಟರೆ ನಮ್ಮ ಮನಸ್ಸು ಮಾಡಬೇಕಾದ ಕೆಲಸವನ್ನು ಯಂತ್ರವೇ ಮಾಡಿಬಿಡುವುದು. ವ್ಯಂಗ್ಯವಾಗಿರಬೇಕಾದದ್ದು ವಾಚ್ಯವಾದರೆ ರಸವು ಕುಗ್ಗುವುದೆಂದು ಆನಂದವರ್ಧನನ ಮತವನ್ನು ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಚಿತ್ರದಲ್ಲಿ ಸ್ಥಳವನ್ನು ನೋಡುವುದೆಂದರೇನು ಎಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನರಲ್ಲಿ ಭವಭೂತಿಯಷ್ಟು ಆಳವಾಗಿ ಎತ್ತಿದವರು ಇಲ್ಲ. ಉತ್ತರರಾಮಚರಿತದ ಮೊದಲನೆಯ ಅಂಕವನ್ನು ವಾಚಕರು ನೆನೆಯಬೇಕು. ವನವಾಸವು ಮುಗಿದಿದೆ, ಪಟ್ಟಾಭಿಷೇಕವು ಆಗಿದೆ, ಗರ್ಭಿಣಿಯಾದ ಸೀತೆಯ ಮನಸ್ಸನ್ನು ರಂಜಿಸಲೆಂದು ಲಕ್ಷ್ಮಣನು ತಮ್ಮ ಕಥೆಯನ್ನೇ ಬರೆದಿರುವ ಚಿತ್ರವೀಥಿಯನ್ನು ತೋರಿಸುತ್ತಾನೆ. ಮೂವರೂ ನಡೆಯುತ್ತ ನೋಡುವರು. ಲಕ್ಷ್ಮಣನು ಒಂದೊಂದನ್ನೂ ಬೆರಳಿಟ್ಟು ಹೇಳುವನು. ಸೀತೆಯು ಊರ್ಮಿಳೆಯ ಚಿತ್ರವನ್ನು ತೋರಿಸಿ, ಇವಳು ಯಾರೆಂದು ತುಂಟತನದಿಂದ ಕೇಳಲು, ಲಕ್ಷ್ಮಣನು ನಾಚಿ ಬೇರೆಯದನ್ನು ತೋರಿಸಿಬಿಡುವನು. ಮಂಥರೆಯ ಚಿತ್ರವು ಬಂದಾಗ ರಾಮನು ಉತ್ತರ ಕೊಡದೆ ಮುಂದಿನದಕ್ಕೆ ಸರಿದುಬಿಡುವನು. ಶೂರ್ಪಣಖಿಯನ್ನು ಕಂಡು ಸೀತೆಯು ಹೆದರಿದರೆ, ಇದು ಚಿತ್ರವೆಂದು ಅವಳಿಗೆ ನೆನಪು ಮಾಡಿಕೊಡಬೇಕಾಗುತ್ತದೆ. ಹೀಗೆ ಜನಸ್ಥಾನವನ್ನು ದಾಟಿ ಪಂಪಾಸರೋವರವೂ ಹನುಮಂತನೂ ಬಂದು, ಕೊನೆಗೆ ಮಾಲ್ಯವತ್ಪರ್ವತವು ಬರುವುದು. ಅಲ್ಲಿ ರಾಮನು ತಡೆಯಲಾರದೆ, ಸಾಕು, ಇನ್ನು ನಿಲ್ಲಿಸು ಎನ್ನುವನು.

ಈ ಪಂಪೆಯೂ ಮಾಲ್ಯವಂತವೂ ಎಲ್ಲಿಯವು? ನಮ್ಮ ನಾಡಿನ ಸಂಪ್ರದಾಯದಂತೆ ಇಲ್ಲಿಯವೇ. ಆನೆಗೊಂದಿಯ ಬಳಿಯ ಪಂಪಾಸರೋವರ. ಕಂಪ್ಲಿಯಿಂದ ಕಮಲಾಪುರಕ್ಕೆ ಹೋಗುವ ಹಾದಿಯ ಮಗ್ಗುಲಲ್ಲಿ, ರಘುನಾಥಸ್ವಾಮಿಯ ಗುಡಿಯನ್ನು ಹೊತ್ತಿರುವ ಮಾಲ್ಯವಂತ ಬೆಟ್ಟ. ಹಚ್ಚೊಳ್ಳಿ, ಸಿರುಗುಪ್ಪದ ಕಡೆಯಿಂದ ಕಂಪ್ಲಿಯ ಮಾರ್ಗವಾಗಿ ಹಂಪೆಗೆ ಹೋಗುವವರಿಗೆ ಭತ್ತದ ಗದ್ದೆಗಳು ಹಿಂದಾಗಿ ಬಂಡೆಗಳು ಎದುರಾದಾಗ ದೊಡ್ಡ ಗುಡಿಗಳೆಲ್ಲಕ್ಕಿಂತ ಮೊದಲು ಸಿಕ್ಕುವುದು ಇದೇ ಬೆಟ್ಟ. ಆದ್ದರಿಂದ ಸಂಸ್ಕೃತ ಸಾಹಿತ್ಯದ ಅತ್ಯಂತ ಪ್ರಸಿದ್ಧವಾದ ಚಿತ್ರದರ್ಶನವು ಹಂಪೆಯ ಹೊಸ್ತಿಲಲ್ಲಿಯೇ ನಿಂತಿತೆಂದು ನಾವು ಹೇಳಿಕೊಂಡರೆ ಯಾರೂ ತಕರಾರು ಮಾಡಲಾರರು.

ಈ ಅಂಕವನ್ನು ಒರೆಗಲ್ಲಾಗಿ ಹಿಡಿದರೆ ಇಂದಿನ ಸುತ್ತುನೋಟದ ಚಿತ್ರಗಳ ಬೆಲೆಯು ಎಷ್ಟೋ ಮಟ್ಟಿಗೆ ತಿಳಿಯುವುದು. ಆ ಮೂವರೂ ಆ ಸ್ಥಳಗಳಲ್ಲಿ ನಡೆದವರು, ಮುಳ್ಳು ತುಳಿದವರು, ಅಲ್ಲಿ ಅತ್ತವರು. ಚಿತ್ರವು ಅವರಿಗೆ ಹೊಸದನ್ನು ತೋರಿಸಲಿಲ್ಲ, ಒಳಗಿದ್ದುದನ್ನು ಎಬ್ಬಿಸಿತು. ಅಭಿಜ್ಞೆಯಿಲ್ಲದೆ ಪ್ರತ್ಯಭಿಜ್ಞೆಯುಂಟೆ? ಮಾತಂಗಪರ್ವತದ ಮೇಲಿಂದ ತೆಗೆದ ಒಂದು ಸುತ್ತುನೋಟವನ್ನು, ಬೆಳಗಿನ ಜಾವದಲ್ಲಿ ಆ ಮೆಟ್ಟಿಲುಗಳನ್ನು ಏದುಸಿರಿನಿಂದ ಹತ್ತಿದವನು ನೋಡುವುದು ಬೇರೆ. ಹತ್ತದವನು ನೋಡುವುದು ಬೇರೆ. ಮೊದಲನೆಯವನಿಗೆ ಕೆಳಗೆ ಕಾಣುವ ಅಚ್ಯುತರಾಯನ ಗುಡಿಯು ತಾನು ಹಾದುಬಂದ ಗುಡಿ. ಎರಡನೆಯವನಿಗೆ ಅದು ಮರಗಳ ನಡುವಣ ಒಂದು ಆಕಾರ. ಮೇಲಾಗಿ, ಅಗಲದ ಮಸೂರದ ಸ್ವಭಾವವೆಂದರೆ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುವುದು. ಹಂಪೆಯ ಸ್ವಾರಸ್ಯವಿರುವುದೇ ಮನುಷ್ಯನ ಅಳತೆಗೂ ಬಂಡೆಯ ಅಳತೆಗೂ ಇರುವ ವ್ಯತ್ಯಾಸದಲ್ಲಿ. ಗಣಕಯಂತ್ರದ ಪರದೆಯಲ್ಲಿ ಮಾತಂಗವು ಹೊಲದ ಬದುವಿನಂತೆ ತಗ್ಗಿ, ಕಾಲಬಳಿಯ ಕಲ್ಲು ಮಾತ್ರ ಆನೆಯಂತೆ ಉಬ್ಬಿರುವುದು.

ಅಲ್ಲಿ ಲಕ್ಷ್ಮಣನಿದ್ದನು. ಇಲ್ಲಿ ಯಾರಿರುವರು? ಚಿತ್ರವೀಥಿಯಲ್ಲಿ ಮಂಥರೆಯನ್ನು ದಾಟಿಹೋಗುವ ಸಂಯಮವೂ, ಊರ್ಮಿಳೆಯಲ್ಲಿ ತಡೆದು ನಗುವ ಸಲಿಗೆಯೂ ಮನುಷ್ಯರು ಕೂಡಿ ನೋಡುವುದರಿಂದ ಉಂಟಾದುವು. ಸುತ್ತುನೋಟದ ಚಿತ್ರವು ಏನನ್ನೂ ಮುಂದೆ ಮಾಡುವುದಿಲ್ಲ, ಏನನ್ನೂ ಹಿಂದೆ ಸರಿಸುವುದಿಲ್ಲ. ಗೋಪುರಕ್ಕೂ ಕಸದ ಬುಟ್ಟಿಗೂ ಸಮಾನ ಮರ್ಯಾದೆ. ಇದನ್ನು ನಿಷ್ಪಕ್ಷಪಾತವೆಂದು ಕೊಂಡಾಡುವವರುಂಟು. ಆಲಂಕಾರಿಕರಲ್ಲಿ ಸ್ವಭಾವೋಕ್ತಿಯನ್ನು ಕುರಿತು ನಡೆದ ಹಳೆಯ ವಾದವು ಇಲ್ಲಿ ನೆನಪಿಗೆ ಬರುತ್ತದೆ. ವಸ್ತುವು ಇದ್ದಂತೆಯೇ ಹೇಳುವುದು ಅಲಂಕಾರವೆಂದು ದಂಡಿಯು ಅದಕ್ಕೆ ಅಗ್ರಸ್ಥಾನವನ್ನು ಕೊಟ್ಟನು. ಕುಂತಕನು ಒಪ್ಪಲಿಲ್ಲ, ವಸ್ತುವಿನ ಸ್ವಭಾವವು ಅಲಂಕರಿಸಲ್ಪಡತಕ್ಕ ಶರೀರವೇ ಹೊರತು ಅಲಂಕಾರವಲ್ಲ, ಶರೀರವೇ ತನ್ನ ಹೆಗಲನ್ನು ತಾನೇ ಏರಲಾದೀತೆ ಎಂಬುದು ಅವನ ಆಕ್ಷೇಪದ ತಾತ್ಪರ್ಯ. ಈ ವಾದದಲ್ಲಿ ನಾನು ದಂಡಿಯ ಕಡೆಯವನು. ಜಿಂಕೆಯನ್ನು ಜಿಂಕೆಯಾಗಿಯೇ ಕಾಣಿಸುವುದು ಸಾಮಾನ್ಯ ಸಿದ್ಧಿಯಲ್ಲ. ಆದರೆ ದಂಡಿಯ ಸ್ವಭಾವೋಕ್ತಿಯಲ್ಲಿಯೂ ಕವಿಯು ಜಿಂಕೆಯ ಕೊರಳ ತಿರುವನ್ನು ಆರಿಸಿಕೊಂಡಿರುತ್ತಾನೆ. ಅದರ ಮೈಯ ಮೇಲಣ ನೊಣಗಳನ್ನೆಲ್ಲ ಎಣಿಸಿರುವುದಿಲ್ಲ. ಆಯ್ಕೆಯೇ ಇಲ್ಲದ ಸ್ವಭಾವೋಕ್ತಿಯು ಭಾಮಹನು ಹಳಿಯುವ ‘ವಾರ್ತೆ’ಯಾಗುವುದು, ಅಷ್ಟೆ. ಸುತ್ತುನೋಟದ ಚಿತ್ರಕಾರನಿಗೆ ಉಳಿದಿರುವುದು ಒಂದೇ ಒಂದು ಆಯ್ಕೆ: ಮುಕ್ಕಾಲಿಯನ್ನು ಎಲ್ಲಿ ಊರಬೇಕು, ಯಾವ ಹೊತ್ತಿನಲ್ಲಿ ಊರಬೇಕು ಎಂಬುದು. ಒಳ್ಳೆಯ ಚಿತ್ರಕ್ಕೂ ಕೆಟ್ಟ ಚಿತ್ರಕ್ಕೂ ಇರುವ ಭೇದವೆಲ್ಲ ಇಲ್ಲಿಯೇ ಇದೆ. ಹೇಮಕೂಟದ ಇಳಿಜಾರಿನಲ್ಲಿ ಎರಡು ಗುಡಿಗಳ ನಡುವೆ, ವಿರೂಪಾಕ್ಷನ ಗೋಪುರವು ಒಂದು ಕಡೆಗೂ ಬರಿಯ ಹಾಸುಬಂಡೆಯು ಇನ್ನೊಂದು ಕಡೆಗೂ ಬರುವಂತೆ ಊರಿದವನು ಕವಿಯೇ ಸರಿ. ಕಮಲಮಹಲಿನ ಮುಂದೆ ನಡುಮಧ್ಯಾಹ್ನದಲ್ಲಿ ಪ್ರವಾಸಿಗಳ ಗುಂಪಿನ ನಡುವೆ ಊರಿದವನು ವರದಿಗಾರನು.

ಒಂದೇ ಬಿಂದುವಿನಲ್ಲಿ ನಿಂತು ತಿರುಗುವುದಕ್ಕೂ ಎರಡು ಹೆಜ್ಜೆ ನಡೆಯುವುದಕ್ಕೂ ಇರುವ ಅಂತರಕ್ಕೆ ಕಲ್ಲಿನ ರಥವೇ ಸಾಕ್ಷಿ. ಇಂದು ಆ ರಥದ ಮುಂದೆ ಎರಡು ಆನೆಗಳಿವೆ. ಆದರೆ ಮೂಲದಲ್ಲಿ ಅಲ್ಲಿ ಕುದುರೆಗಳಿದ್ದುವು. ಆನೆಗಳ ಹಿಂಬದಿಗೆ ಹೋಗಿ ಬಗ್ಗಿ ನೋಡಿದರೆ ಕುದುರೆಯ ಬಾಲವೂ ಹಿಂಗಾಲುಗಳೂ ಉಳಿದಿರುವುದು ಕಾಣುತ್ತದೆ. ರಥದ ಮುಂದೆ ಊರಿದ ಮುಕ್ಕಾಲಿಯ ಸುತ್ತುನೋಟವನ್ನು ಸಾವಿರ ಸಲ ತಿರುಗಿಸಿದರೂ ಆನೆಯ ಹಿಂದಿನ ಕುದುರೆಯು ಕಾಣದು! ಮರೆಯಲ್ಲಿರುವುದು ಮರೆಯಲ್ಲಿಯೇ ಇರುವುದು. ನಮ್ಮ ದೇವಾಲಯಗಳಲ್ಲಿ ಪ್ರದಕ್ಷಿಣೆಯನ್ನು ವಿಧಿಸಿದವರು ಭಕ್ತಿಗಾಗಿ ವಿಧಿಸಿದರೋ ನೋಟಕ್ಕಾಗಿ ವಿಧಿಸಿದರೋ, ಎರಡೂ ಒಂದೇ ನಡೆಯಲ್ಲಿ ಆಗುತ್ತವೆ. ಪ್ರದಕ್ಷಿಣೆಯಲ್ಲಿ ವಸ್ತುವು ಮಧ್ಯದಲ್ಲಿರುವುದು. ನಾವು ಅದರ ಸುತ್ತ ಬರುವೆವು. ಸುತ್ತುನೋಟದ ಚಿತ್ರದಲ್ಲಿ ನಾವು ಮಧ್ಯದಲ್ಲಿ ಕುಳಿತಿರುವೆವು. ವಿಟ್ಠಲನ ಗುಡಿಯು ನಮ್ಮ ಸುತ್ತ ಬರಬೇಕು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕವಿಮಾನದಿಂದ ರಾಮನು ಇದೇ ಮಾಲ್ಯವಂತವನ್ನೂ ಇದೇ ಪಂಪೆಯನ್ನೂ ಸೀತೆಗೆ ತೋರಿಸುತ್ತಾನೆ. ಅಲ್ಲಿ ಸಮುದ್ರದಿಂದ ಅಯೋಧ್ಯೆಯವರೆಗೆ ನೋಡುವವರು ಮುಂದುವರಿಯುತ್ತಲೇ ಇರುವರು. ಒಂದು ಸ್ಥಳದಿಂದ ಇನ್ನೊಂದಕ್ಕೆ ಎಷ್ಟು ದೂರವೆಂಬುದು ಶ್ಲೋಕಗಳ ನಡಗೆಯಲ್ಲಿಯೇ ತಿಳಿಯುವುದು. ಗಣಕಯಂತ್ರದಲ್ಲಿ ಬಾಣದ ಗುರುತನ್ನು ಒತ್ತಿದರೆ ಮಹಾನವಮಿ ದಿಬ್ಬದಿಂದ ವಿಟ್ಠಲಪುರಕ್ಕೆ ಒಂದೇ ನೆಗೆತ. ನಡುವಿನ ಬಿಸಿಲು, ಬಾಳೆತೋಟ, ಕಾಲುವೆಯ ನೀರಿನ ಸಪ್ಪಳ ಇವು ಯಾವುವೂ ಇಲ್ಲ.

ಇಷ್ಟನ್ನು ಹೇಳಿ ಚಿತ್ರಗಳನ್ನು ಹಳಿದೆನೆಂದು ಯಾರೂ ತಿಳಿಯಬಾರದು. ಕಣ್ಣಾರೆ ಕಂಡರೂ ಕಾಣದಿರುವುದನ್ನು ಇವು ಕಾಣಿಸುವ ಪ್ರಸಂಗಗಳುಂಟು. ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಡಿನಲ್ಲಿರುವ ವರ್ಣಚಿತ್ರಗಳನ್ನು ಎಷ್ಟು ಜನರು ನಿಜವಾಗಿ ನೋಡಿರುವರು? ಗಿರಿಜಾಕಲ್ಯಾಣವೂ, ಅರ್ಜುನನು ಮತ್ಸ್ಯಯಂತ್ರವನ್ನು ಭೇದಿಸುವುದೂ, ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಯೂ ಅಲ್ಲಿವೆ. ಜನಸಂದಣಿಯಲ್ಲಿ ಕತ್ತನ್ನು ಹಿಂದಕ್ಕೆ ಬಗ್ಗಿಸಿ ನಿಂತರೆ ಎರಡು ನಿಮಿಷದಲ್ಲಿ ಕೊರಳು ಹಿಡಿಯುವುದು; ಹಿಂದಿನವರು ನೂಕುವರು. ಒಳ್ಳೆಯ ಸುತ್ತುನೋಟದ ಚಿತ್ರವೊಂದಿದ್ದರೆ ಮಾಡನ್ನೇ ಕಣ್ಣೆದುರಿಗೆ ಇಳಿಸಿ, ಹಿಗ್ಗಿಸಿ, ಪಲ್ಲಕ್ಕಿಯ ಬೋಯಿಗಳ ಕಾಲ ಹೆಜ್ಜೆಗಳನ್ನು ಕೂಡ ಎಣಿಸಬಹುದು. ಇದು ಸಣ್ಣ ಉಪಕಾರವಲ್ಲ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಲಾರದ ವೃದ್ಧರಿಗೂ, ಮಂಡಿನೋವಿನವರಿಗೂ, ಹಾಸಿಗೆ ಹಿಡಿದವರಿಗೂ ಈ ಚಿತ್ರಗಳು ಎಷ್ಟೋ ಸಮಾಧಾನವನ್ನು ಕೊಡುತ್ತವೆ. ನನ್ನ ವಯಸ್ಸಿನವರು ಅದನ್ನು ಲಘುವಾಗಿ ಎಣಿಸಲಾರರು. ಒಮ್ಮೆ ಹತ್ತಿದ ನೆನಪಿದ್ದರಂತೂ ಇವು ಭವಭೂತಿಯ ಚಿತ್ರವೀಥಿಗೆ ಸಮೀಪವಾಗುವುವು.

ಈ ಚಿತ್ರಗಳಲ್ಲಿ ನಾನು ಕಾಣುವ ಮುಖ್ಯವಾದ ದೋಷವು ಯಂತ್ರದ್ದಲ್ಲ, ಮಾಡುವವರದು. ಬಹುಪಾಲು ಚಿತ್ರಗಳಲ್ಲಿ ಕಾಲನಿರ್ದೇಶವು ಕಣ್ಣಿಗೆ ಬೀಳುವಂತೆ ಇರುವುದಿಲ್ಲ. ಇದ್ದರೂ ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ. ಹಂಪೆಯಂಥ ಸ್ಥಳದಲ್ಲಿ ಇದು ಕ್ಷಮಿಸತಕ್ಕ ಲೋಪವಲ್ಲ. ವಿರೂಪಾಕ್ಷನ ಮುಂದಣ ರಥಬೀದಿಯ ಸಾಲುಮಂಟಪಗಳಲ್ಲಿ ಬಹುಕಾಲದಿಂದ ಜನರು ವಾಸವಾಗಿದ್ದರು. ಅಂಗಡಿಗಳಿದ್ದುವು, ಒಲೆಗಳಿದ್ದುವು, ತೊಟ್ಟಿಲುಗಳಿದ್ದುವು. 2011ರ ಜುಲೈ ತಿಂಗಳಿನಲ್ಲಿ ಅವುಗಳನ್ನು ಯಂತ್ರಗಳಿಂದ ಕೆಡವಿ ಬೀದಿಯನ್ನು ತೆರವು ಮಾಡಿದರು. ಸ್ಮಾರಕದ ರಕ್ಷಣೆಗೆ ಅದು ಬೇಕಾಗಿತ್ತೆಂದು ಹೇಳುವವರೂ, ಜೀವಂತವಾದ ಬೀದಿಯನ್ನು ಕೊಂದರೆಂದು ಹೇಳುವವರೂ ಇರುವರು. ಆ ವಿವಾದವು ಹಾಗಿರಲಿ. 2011ಕ್ಕೆ ಮುಂಚೆ ತೆಗೆದ ಸುತ್ತುನೋಟದಲ್ಲಿ ಆ ಬೀದಿಯಲ್ಲಿ ಜನರಿರುವರು, ಆಮೇಲಿನದರಲ್ಲಿ ಇಲ್ಲ. 2024ರ ಮೇ ತಿಂಗಳಿನ ಮಳೆಯಲ್ಲಿ ಅದೇ ಸಾಲುಮಂಟಪದ ಒಂದು ಭಾಗವು ಕುಸಿಯಿತು. ಅದಕ್ಕೆ ಮುಂಚಿನ ಚಿತ್ರದಲ್ಲಿ ಕಂಬಗಳು ನಿಂತಿರುವುವು. ತಿಥಿಯಿಲ್ಲದೆ ಇವನ್ನು ಒಂದರ ಪಕ್ಕದಲ್ಲಿ ಒಂದನ್ನು ಹಚ್ಚಿ ‘ಹಂಪೆ ಬಜಾರು’ ಎಂದು ಒಂದೇ ಹೆಸರನ್ನು ಬರೆದರೆ, ನೋಡುವ ಹುಡುಗನು ಯಾವ ಬೀದಿಯನ್ನು ಕಂಡನು? ಗ್ರೀನ್‌ಲಾನ ಚಿತ್ರವು ಇಂದು ಅಮೂಲ್ಯವಾದದ್ದು ಅದರ ಕಾಲವು ನಮಗೆ ಗೊತ್ತಿರುವುದರಿಂದ. ರಥದ ಶಿಖರವಿರುವ ಚಿತ್ರವೂ ಇಲ್ಲದ ಚಿತ್ರವೂ ತೇದಿಯಿಲ್ಲದೆ ಕೈಗೆ ಬಂದಿದ್ದರೆ, ಶಿಖರವನ್ನು ಯಾರೋ ಹೊಸದಾಗಿ ಕಟ್ಟಿದರೆಂದು ವಾದಿಸುವ ಪಂಡಿತರೂ ಹುಟ್ಟಿಕೊಳ್ಳುತ್ತಿದ್ದರು! ಗೂಗಲಿನವರು 2014ರಿಂದ ತಮ್ಮ ಬೀದಿಯ ಚಿತ್ರಗಳಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನೂ ತೆರೆದು ನೋಡುವ ಅನುಕೂಲವನ್ನು ಮಾಡಿರುವುದು ಶ್ಲಾಘ್ಯವು. ಹವ್ಯಾಸಿಗಳು ಸೇರಿಸುವ ಚಿತ್ರಗಳಿಗೂ ಅಂಥ ನಿಯಮವು ಬೇಕು.

ಕಾಲನಿರ್ದೇಶವೆಂದರೆ ವರ್ಷವೊಂದೇ ಅಲ್ಲ, ಹೊತ್ತೂ ಸೇರಿತು. ಮಹಾನವಮಿ ದಿಬ್ಬದ ಸುತ್ತಣ ಕೆತ್ತನೆಗಳು ಬಹಳ ತೆಳುವಾದವು. ಬೆಳಗಿನ ಓರೆ ಬಿಸಿಲಿನಲ್ಲಿ ಆನೆಕುದುರೆಗಳೂ ಕೋಲಾಟದ ಹೆಂಗಸರೂ ಕಲ್ಲಿನಿಂದ ಎದ್ದುಬರುವರು. ಮಧ್ಯಾಹ್ನದಲ್ಲಿ ಅದೇ ಕಲ್ಲು ಬರಿಯ ಗೋಡೆ. ಚಿತ್ರದೊಳಗಿನ ಸೂರ್ಯನು ಅಲುಗುವುದಿಲ್ಲ. ಹಂಪೆಯಲ್ಲಿಯೇ ಚಲಿಸುವ ಬೆಳಕಿನ ಚಿತ್ರವೊಂದು ಕ್ಯಾಮರವು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಇದೆಯೆಂಬುದನ್ನು ಇಲ್ಲಿ ಹೇಳದೆ ಇರಲಾರೆನು. ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆಯ ಕೋಣೆಯೊಂದರಲ್ಲಿ, ಸಣ್ಣ ಕಂಡಿಯ ಮೂಲಕ ಬಂದ ಬೆಳಕು ಎದುರು ಗೋಡೆಯ ಮೇಲೆ ಪೂರ್ವದ ದೊಡ್ಡ ಗೋಪುರವನ್ನು ತಲೆಕೆಳಗಾಗಿ ಬರೆಯುವುದು. ಹಕ್ಕಿ ಹಾರಿದರೆ ಆ ಚಿತ್ರದಲ್ಲಿಯೂ ಹಾರುವುದು. ಮೋಡ ಬಂದರೆ ಗೋಪುರವು ಮಂಕಾಗುವುದು. ಹಂಪೆಗೆ ಹೋದವರಲ್ಲಿ ಅನೇಕರು ಇದನ್ನು ದೇವರ ಮಹಿಮೆಯೆಂದು ಕೈಮುಗಿದು ಬರುವರು, ಕೆಲವರು ಬೆಳಕಿನ ನಿಯಮವೆಂದು ವಿವರಿಸುವರು. ಎರಡು ಪಕ್ಷದವರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೇ ನಿಲ್ಲುವರು.

ಇನ್ನೊಂದು ಕ್ಷುದ್ರವಾದರೂ ಹೇಳತಕ್ಕ ಮಾತು. ಮುಕ್ಕಾಲಿಯ ಕಾಲುಗಳು ಚಿತ್ರದಲ್ಲಿ ಕಾಣಬಾರದೆಂದು ಕೆಲವರು ಕೆಳಗಡೆ ತಮ್ಮ ಅಂಗಡಿಯ ಮುದ್ರೆಯನ್ನು ದುಂಡಗೆ ಅಂಟಿಸುವರು. ಗುಡಿಯ ನವರಂಗದ ನಡುಗಲ್ಲಿನ ಮೇಲೆ ವ್ಯಾಪಾರದ ಮುದ್ರೆ! ನಮ್ಮ ಸೀಮೆಯ ಒಂದು ಪಾಠಶಾಲೆಯಲ್ಲಿ ಇಂಥ ಚಿತ್ರವನ್ನು ಗೋಡೆಯ ಮೇಲೆ ಬಿಟ್ಟು ತೋರಿಸುತ್ತಿದ್ದಾಗ, ಒಬ್ಬ ಹುಡುಗಿಯು ಮೊಟ್ಟಮೊದಲು ಮಾಡಿಸಿದ್ದು ಕೆಳಗೆ ನೋಡುವುದನ್ನೇ. “ಸಾರ್, ನಾವು ನಿಂತಿರೋದು ಎಲ್ಲಿ? ನಮ್ಮ ಕಾಲೇ ಇಲ್ಲ!” ಎಂದು ಅವಳು ಕೇಳಿದಳು. ಈ ಕಲೆಯ ವಿಷಯದಲ್ಲಿ ನಾನು ಕೇಳಿದ ವಿಮರ್ಶೆಗಳಲ್ಲೆಲ್ಲ ಇದೇ ಚೊಕ್ಕವಾದದ್ದು.

ಪಾಠಶಾಲೆಯ ಮಾತು ಬಂದದ್ದರಿಂದ ಅದನ್ನೇ ಸ್ವಲ್ಪ ವಿಸ್ತರಿಸುವೆನು. ಈ ಲೇಖನಕ್ಕೆ ಕೈಯಿಟ್ಟದ್ದೂ ಅದರಿಂದಲೇ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದು ಇಂದಿನ ಉಪಾಧ್ಯಾಯರಿಗೆ ದೊಡ್ಡ ಹೊರೆಯಾಗಿದೆ. ಬಸ್ಸಿನ ಖರ್ಚು, ಮೇಲಿನವರ ಅನುಮತಿ, ಅಪಘಾತದ ಭಯ, ನದಿಯ ಭಯ. ‘ಗೋಡೆಯ ಮೇಲೆಯೇ ಹಂಪೆಯು ಕಾಣುತ್ತಿರುವಾಗ ಇಷ್ಟು ಕಷ್ಟವೇಕೆ?’ ಎಂಬ ಮಾತು ಈಚೆಗೆ ಕಿವಿಗೆ ಬೀಳುತ್ತಿದೆ. ಖರ್ಚಿನ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆನು. ಕೂಲಿಯವರ ಮಕ್ಕಳಿಗೆ ಕೆಲವು ನೂರು ರೂಪಾಯಿಗಳು ಎಂದರೆ ಏನೆಂಬುದು ಮೂವತ್ತು ವರ್ಷ ಹಾಜರಿ ಕರೆದವನಿಗೆ ಗೊತ್ತಿದೆ. ಆದರೆ ಯಾರ ಪಾಲಿಗೆ ಈ ಗೋಡೆಯ ಹಂಪೆಯು ಉಳಿಯುವುದೆಂಬುದನ್ನು ಯೋಚಿಸಬೇಕು. ಪಟ್ಟಣದ ದೊಡ್ಡ ಶಾಲೆಯ ಮಕ್ಕಳು ತಂದೆತಾಯಿಗಳ ಕಾರಿನಲ್ಲಿ ಹೇಗೂ ಹೋಗಿಬರುವರು. ಹಳ್ಳಿಯ ಮಕ್ಕಳಿಗೆ ಶಾಲೆಯ ಬಸ್ಸೊಂದೇ ದಾರಿ. ಅದನ್ನು ನಿಲ್ಲಿಸಿ ಚಿತ್ರವನ್ನು ಕೊಟ್ಟರೆ, ಅರ್ಧ ದಿನದ ಹಾದಿಯಷ್ಟೂ ಇಲ್ಲದ ಹಂಪೆಯು ಅವರಿಗೆ ಲಂಡನ್ನಿನವರಿಗೆ ಶ್ರೀರಂಗಪಟ್ಟಣವಿದ್ದಂತಾಗುವುದು.

ಭವಭೂತಿಯ ಅಂಕದಲ್ಲಿ ಚಿತ್ರವನ್ನು ನೋಡಿದ ಸೀತೆಗೆ ಏನಾಯಿತು? ನೋಡಿ ತೃಪ್ತಳಾಗಿ ಅವಳು ಮಲಗಲಿಲ್ಲ. ಮತ್ತೆ ಆ ವನಗಳಲ್ಲಿ ಅಲೆಯಬೇಕು, ಭಾಗೀರಥಿಯಲ್ಲಿ ಮೀಯಬೇಕು ಎಂಬ ಬಯಕೆಯು ಅವಳಲ್ಲಿ ಹುಟ್ಟಿತು. ಕೂಡಲೆ ರಥವನ್ನು ಸಿದ್ಧಗೊಳಿಸಲು ಹೇಳಿಯಾಯಿತು. ಆ ಬಯಕೆಯೇ ಅವಳ ಪರಿತ್ಯಾಗಕ್ಕೆ ನೆಪವಾದದ್ದು ಕಥೆಯ ಕ್ರೌರ್ಯ. ಆದರೆ ಒಳ್ಳೆಯ ಚಿತ್ರವು ಕಾಲಿಗೆ ಬಯಕೆಯನ್ನು ಹುಟ್ಟಿಸುವುದೆಂಬ ಲಕ್ಷಣವನ್ನು ಕವಿಯು ಅಲ್ಲಿ ಸ್ಪಷ್ಟವಾಗಿ ಕಂಡಿರುವನು. ಆದ್ದರಿಂದ ಉಪಾಧ್ಯಾಯರಿಗೆ ನನ್ನ ಸಲಹೆಯು ಹೀಗಿದೆ. ಪ್ರವಾಸಕ್ಕೆ ಮುಂಚೆ ಒಂದು ಸಲ, ಬೇಗಬೇಗನೆ, ಎರಡು ಮೂರು ಸ್ಥಳಗಳನ್ನು ಮಾತ್ರ ತೋರಿಸಿ ನಿಲ್ಲಿಸಿಬಿಡಬೇಕು. ಮಕ್ಕಳು ‘ಇನ್ನೂ’ ಎನ್ನುವಾಗಲೇ ದೀಪವನ್ನು ಹಾಕಬೇಕು. ಹೋಗಿಬಂದಮೇಲೆ ಸಾವಕಾಶವಾಗಿ, ಒಂದು ವಾರವೇ ಆಗಲಿ, ಆ ಚಿತ್ರಗಳನ್ನೆಲ್ಲ ತೆರೆದು, ಯಾರು ಎಲ್ಲಿ ಎಡವಿದರು, ಯಾರ ಬುತ್ತಿಯನ್ನು ಕೋತಿಯು ಕಸಿಯಿತು, ಆನೆಯ ಹಿಂದಿನ ಕುದುರೆಯ ಬಾಲವು ಎಲ್ಲಿತ್ತು ಎಂಬುದನ್ನು ಮಕ್ಕಳ ಬಾಯಿಂದಲೇ ಹೇಳಿಸಬೇಕು. ಆಗ ಒಬ್ಬೊಬ್ಬ ಹುಡುಗನೂ ಲಕ್ಷ್ಮಣನಾಗುವನು.

ಕೊನೆಯದಾಗಿ ನಮ್ಮ ಸಂಘದವರ ಮುಂದೆ ಒಂದು ಬೇಡಿಕೆ. ಈ ಚಿತ್ರಗಳ ಕೆಳಗೆ ಬರೆದಿರುವ ವಿವರಣೆಗಳು ಬಹುತೇಕ ಇಂಗ್ಲಿಷಿನಲ್ಲಿವೆ. ಕನ್ನಡದ ಸ್ಥಳನಾಮಗಳು ಗುರುತು ಸಿಗದಷ್ಟು ತಿರುಚಿಹೋಗಿವೆ. ಭೂಪಟದಲ್ಲಿ ಸ್ಥಳಗಳಿಗೆ ವಿವರಣೆಯನ್ನೂ ಹೆಸರಿನ ತಿದ್ದುಪಡಿಯನ್ನೂ ಕಳುಹಿಸಲು ಯಾರಿಗೂ ಅಡ್ಡಿಯಿಲ್ಲ. ಹತ್ತು ಸ್ಥಳಗಳಿಗೆ ಹತ್ತು ಜನರು, ಒಬ್ಬೊಬ್ಬರು ಅರ್ಧ ಪುಟದಂತೆ ಶುದ್ಧವಾದ ಕನ್ನಡದಲ್ಲಿ ಬರೆದು, ನೋಡಿದ ತೇದಿಯನ್ನೂ ಹಾಕಿ ಕೊಟ್ಟರೆ, ಗಣಕಯಂತ್ರವನ್ನು ಬಲ್ಲ ನಮ್ಮ ತರುಣ ಸದಸ್ಯರು ಉಳಿದುದನ್ನು ನೋಡಿಕೊಳ್ಳುವರು. ಮಾಲ್ಯವಂತ ರಘುನಾಥನ ಗುಡಿಯ ವಿವರಣೆಯನ್ನು ನಾನು ಬರೆಯಲು ಒಪ್ಪಿದ್ದೇನೆ. ಮಾತಂಗಕ್ಕೆ ಮಂಡಿ ಗಟ್ಟಿಯಿರುವವರು ಬೇಕು.